ಯಡಿಯೂರು ಕೆರೆ ಏರಿಯ ರೋವರ್ ಜಾಗರಣೆ

ಯಡಿಯೂರು ಕೆರೆಯ ಮೇಲೆ ಮಂಜು ಇನ್ನೂ ನಿದ್ದೆಯಲ್ಲಿದೆ. ಆಚೆ ದಡ ಕಾಣದು, ಜಯನಗರದ ಹೊಸ ಮನೆಗಳೂ ಕಾಣವು. ಎಲ್ಲಿಂದಲೋ ಎತ್ತಿನಗಾಡಿಯ ಗೆಜ್ಜೆಯ ಸದ್ದು ಮಾತ್ರ ತೇಲಿ ಬರುತ್ತದೆ. ಏರಿಯ ಮೇಲೆ ಮೂರು ಕಲ್ಲು ಹೂಡಿ, ಕುಕ್ಕರಗಾಲಿನಲ್ಲಿ ಕೂತು ಶಂಭುಲಿಂಗಪ್ಪನವರು ಕಾಫಿಗೆ ನೀರು ಕಾಯಿಸುತ್ತಿದ್ದಾರೆ. ಖಾಕಿ ಚಡ್ಡಿ, ಕೊರಳಲ್ಲಿ ಸ್ಕಾರ್ಫ್, ಉಗುರಿನ ಸಂದಿಯಲ್ಲಿ ಸೈಕಲ್ ಚೈನಿನ ಜಿಡ್ಡು. ಅವರ ಕಣ್ಣು ಒಲೆಯ ಮೇಲಿಲ್ಲ. ಅಷ್ಟು ದೂರದ ಕಲ್ಲುಮಂಟಪದಲ್ಲಿ ಒಬ್ಬನೇ ಕೂತಿರುವ ಅನಂತರಾಮುವಿನ ಮೇಲಿದೆ.

ಶಂಭುಲಿಂಗಪ್ಪನವರದು ನಾಲ್ಕನೇ ಬ್ಲಾಕಿನಲ್ಲಿ ಬಾಡಿಗೆ ಸೈಕಲ್ ಅಂಗಡಿ. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವರು ರೋವರ್ ಲೀಡರ್. ಸ್ಕೌಟಿನಲ್ಲಿ ಹುಡುಗಾಟದ ವಯಸ್ಸು ದಾಟಿದವರಿಗಾಗಿ ಇರುವ ಶಾಖೆ ರೋವರ್. ಕಾಲೇಜಿಗೆ ಹೋಗುವವರು, ಮಿಲ್ಲಿಗೆ ಹೋಗುವವರು, ಕೆಲಸ ಹುಡುಕುತ್ತಾ ಅಲೆಯುವವರು ಎಲ್ಲ ಇಲ್ಲಿ ಸೇರುತ್ತಾರೆ. ತಂಡಕ್ಕೆ ಕ್ರೂ ಎಂದು ಹೆಸರು. ಯಾವ ಸೇವೆ ಮಾಡಬೇಕೆಂದು ಯುವಕರ ಸಭೆಯೇ ತೀರ್ಮಾನಿಸುತ್ತದೆ, ಅವರಲ್ಲೇ ಒಬ್ಬ ಮೇಟ್ ಆಗಿ ಮುಂದೆ ನಿಲ್ಲುತ್ತಾನೆ. ಲೀಡರ್ ಸಲಹೆ ಕೊಡಬಹುದು, ಅಪ್ಪಣೆ ಕೊಡುವಂತಿಲ್ಲ. ಹೊಸಬ ಕೆಲವು ತಿಂಗಳು ಉಮೇದುವಾರನಾಗಿ ದುಡಿದು, ದೀಕ್ಷೆಗೆ ಮುಂಚೆ ಒಂಟಿಯಾಗಿ ಜಾಗರಣೆ ಕೂತು, ತನ್ನನ್ನು ತಾನೇ ಪ್ರಶ್ನಿಸಿಕೊಳ್ಳಬೇಕು. ಎದ್ದು ಬಂದು ‘ಆಗುವುದಿಲ್ಲ’ ಎಂದರೂ ಯಾರೂ ಬಲವಂತ ಮಾಡುವ ಹಾಗಿಲ್ಲ.

“ಲೀಡರ್ ಅಂದ್ರೆ ಏನ್ರೀ ಕೆಲ್ಸ ಅಂತ ನಮ್ಮ ಸರ್ವಮಂಗಳಾ ಕೇಳಿದ್ಲು. ಬಾಯಿ ಮುಚ್ಕೊಂಡು ಕೂರೋದು ಅಂದೆ. ಹಾಗಾದ್ರೆ ಮನೇಲೂ ಸ್ವಲ್ಪ ಅಭ್ಯಾಸ ಮಾಡಿ ಅಂದ್ಲು,” ಎಂದು ಅವರು ನಗುತ್ತಾರೆ.

ಈ ಬೆಳಗ್ಗೆ ಆ ಕೆಲಸ ಸುಲಭವಿಲ್ಲ. ಒಂಬತ್ತು ವರ್ಷ ಕಟ್ಟಿದ ಕ್ರೂನಲ್ಲಿ ಈಗ ಉಳಿದಿರುವುದು ನಾಲ್ಕೇ ಜನ. ಅಡ್ಡರಸ್ತೆಗಳೆಲ್ಲ ಒಂದೇ ಥರ ಕಾಣುವ ಈ ಬಡಾವಣೆಯಲ್ಲಿ ಜನ ತಮ್ಮದೇ ಮನೆ ಹುಡುಕುತ್ತಾ ಕನಸಿನಲ್ಲಿ ನಡೆದಂತೆ ಅಲೆಯುತ್ತಿದ್ದಾಗ, ಮೂಲೆಮೂಲೆಗೆ ಹಲಗೆ ಬರೆದು ನೆಟ್ಟದ್ದು ಇದೇ ತಂಡ. ಈ ಸಲವೂ ಹೊಸಬರು ಬಾರದಿದ್ದರೆ ತಂಡವನ್ನು ಮುಚ್ಚಿ, ಇದ್ದವರನ್ನು ಬೇರೆ ಕಡೆಗೆ ಸೇರಿಸುವುದಾಗಿ ಮೇಲಿನವರು ಹೇಳಿಕಳಿಸಿದ್ದಾರೆ. ಇರುವ ಉಮೇದುವಾರ ಅನಂತರಾಮು ಒಬ್ಬನೇ.

ಮಂಜಿನೊಳಗಿಂದ ಅವನು ನಡೆದು ಬರುತ್ತಾನೆ. ಮೊದಲು ಬಿಳಿಯಲ್ಲೊಂದು ನೆರಳು, ಆಮೇಲೆ ನಿದ್ದೆಗೆಟ್ಟ ಮುಖ.

“ಇವತ್ತು ದೀಕ್ಷೆ ಬೇಡ ಸಾರ್,” ಎನ್ನುತ್ತಾನೆ. “ಮನೆ ಸೇವೆ ಮಾಡಿಯೇ ಊರ ಸೇವೆಗೆ ಹೊರಟಿದ್ದೀಯಾ ಅನ್ನೋ ಪ್ರಶ್ನೆ ಹತ್ರಾನೇ ನಿಂತುಬಿಟ್ಟೆ. ನಮ್ಮ ಬೀದಿಗಿನ್ನೂ ನಲ್ಲಿ ಬಂದಿಲ್ಲ. ಅಮ್ಮ ಬಾವಿಯಿಂದ ನೀರು ಹೊರ್ತಾರೆ. ನಾನು ಅರವಟ್ಟಿಗೆಯಲ್ಲಿ ನಿಂತು ಊರೋರಿಗೆಲ್ಲ ನೀರು ಕೊಡ್ತಿರ್ತೀನಿ.”

ಒಲೆಯ ಪಕ್ಕದಲ್ಲಿ ನಿಂತಿದ್ದ ಮೇಟ್ ಬೈರಣ್ಣ ತಲೆ ಚಚ್ಚಿಕೊಳ್ಳುತ್ತಾನೆ. “ಲೋ ಅನಂತು, ಎರಡು ಕೊಡ ನೀರಲ್ಲಿ ಕ್ರೂನೇ ಮುಳುಗಿಸ್ತೀಯಲ್ಲೋ! ನಾವೆಲ್ಲ ಬಂದು ತುಂಬಿಸ್ಕೊಡ್ತೀವಿ, ಆಯ್ತಾ?”

“ಬರಬೇಡ್ರಪ್ಪ. ನೀವು ಬಂದ್ರೆ ಉಪ್ಪಿಟ್ಟು ಮಾಡೋಕೆ ಅಂತ ಅಮ್ಮ ಇನ್ನೆರಡು ಕೊಡ ತರ್ತಾರೆ.”

ಬೈರಣ್ಣನಿಗೆ ನಗು ತಡೆಯಲಾಗುವುದಿಲ್ಲ. ಆದರೂ ಲೀಡರ್ ಕಡೆ ತಿರುಗುತ್ತಾನೆ. “ನೀವೊಂದ್ ಮಾತು ಹೇಳಿ ಸಾರ್. ನೀವು ಹೇಳಿದ್ರೆ ಇಲ್ಲ ಅನ್ನಲ್ಲ ಇವನು.”

ಅದು ನಿಜ. ಮೂವರಿಗೂ ಗೊತ್ತು. ಒಲೆಯ ಹೊಗೆ ಮಂಜಿಗೆ ಸೇರಿ, ಯಾವುದು ಹೊಗೆ ಯಾವುದು ಮಂಜು ತಿಳಿಯದ ಹಾಗೆ ಆಗಿದೆ. ಶಂಭುಲಿಂಗಪ್ಪನವರು ಲೋಟಕ್ಕೆ ಕಾಫಿ ಬಗ್ಗಿಸಿ ಅನಂತರಾಮುವಿನ ಕೈಗಿಡುತ್ತಾರೆ.

“ಕುಡಿದು ಮನೆಗೆ ಹೋಗಪ್ಪ. ಅಮ್ಮ ಎದ್ದಿರ್ತಾರೆ.”

ಅವನು ಹೋದ ಕಡೆ ಮಂಜು ಮತ್ತೆ ಕೂಡಿಕೊಳ್ಳುತ್ತದೆ. ಬೈರಣ್ಣ ಒಲೆಯ ಕಲ್ಲನ್ನು ಕಾಲಿನಿಂದ ಸರಿಸುತ್ತಾ ಕೇಳುತ್ತಾನೆ: “ಕ್ರೂ ಮುಚ್ಚಿಬಿಟ್ರೆ ಏನ್ ಮಾಡ್ತೀರ ಸಾರ್?”

“ಮುಚ್ಚಿದ್ರೆ ಹೊಟ್ಟೆ ಉರಿಯುತ್ತೆ ಕಣಯ್ಯ, ಇಲ್ಲ ಅನ್ನಲ್ಲ,” ಎನ್ನುತ್ತಾರೆ ಶಂಭುಲಿಂಗಪ್ಪನವರು. “ಆದ್ರೆ ನಂದು ಒಂದೇ ಆಸೆ. ಅವನು ಮತ್ತೆ ಬಂದ್ರೆ ತಾನಾಗೇ ಬರ್ಲಿ. ನನ್ನ ಮುಖ ನೋಡಿ ಬರೋದು ಬೇಡ.”