ಹೊಟ್ಟೆಗೆ ಹೊಲಿದ ಕೈ

ನನ್ನ ಬಲಗೈಯನ್ನು ನನ್ನದೇ ಹೊಟ್ಟೆಗೆ ಹೊಲಿದಿದ್ದರು. ಈ ಮಾತನ್ನು ನಾನು ಎಷ್ಟು ಜನರಿಗೆ ಬಿಡಿಸಿ ಬಿಡಿಸಿ ಹೇಳಿದ್ದೇನೋ, ನೆನೆಸಿಕೊಂಡರೆ ಈಗಲೂ ತಲೆ ಕೆಡುತ್ತದೆ.

ಮುಂಗೈ ಮೇಲೆ ಗಡ್ಡೆ ಎದ್ದದ್ದು ರಜಾಕಾರರ ಗದ್ದಲದ ಕಾಲದಲ್ಲಿ. ಕಮಲಾಪುರದಿಂದ ಕಲಬುರ್ಗಿಗೆ ಹೋಗಲು ಗಂಡಸರೇ ಅಂಜುತ್ತಿದ್ದಾಗ ಸೊಸೆಯ ಗಡ್ಡೆಯನ್ನು ಯಾರು ಕೇಳುತ್ತಾರೆ? ಪೊಲೀಸ್ ಕಾರ್ಯಾಚರಣೆ ಮುಗಿದು, ದಾರಿ ಸುರಳೀತವಾಗಿ, ನಮ್ಮವರು ಕರೆದುಕೊಂಡು ಹೋಗಿ ತೋರಿಸುವ ಹೊತ್ತಿಗೆ ಅದು ನಿಂಬೆಹಣ್ಣಿನಷ್ಟಾಗಿತ್ತು. ಮಾಂಸದೊಳಗಿನ ಕ್ಯಾನ್ಸರ್ ಅಂದರು. ಒಬ್ಬ ಡಾಕ್ಟರು ಮೊಣಕೈವರೆಗೆ ಕತ್ತರಿಸೋಣ ಅಂದರು. ಯುದ್ಧದಲ್ಲಿ ಸಿಪಾಯಿಗಳ ಗಾಯ ನೋಡಿ ಬಂದಿದ್ದ ಇನ್ನೊಬ್ಬರು ಬೇರೆ ದಾರಿ ಹೇಳಿದರು. ಗಡ್ಡೆಯನ್ನು ಸುತ್ತಲಿನ ಮಾಂಸದ ಸಮೇತ ತೆಗೆದು, ಅಲ್ಲಿ ಬೀಳುವ ಗುಂಡಿಗೆ ಹೊಟ್ಟೆಯ ಚರ್ಮ ಮುಚ್ಚುವುದು. ಚರ್ಮ ಬದುಕಿದರೆ ಕೈ ಉಳಿಯುತ್ತದೆ, ಸತ್ತರೆ ಕೈ ತೆಗೆಯಲೇಬೇಕು.

ಆ ಚರ್ಮವನ್ನು ಪೂರ್ತಿ ಕಿತ್ತು ತರುವಂತಿಲ್ಲವಂತೆ. ಒಂದು ಅಂಚು ಹೊಟ್ಟೆಗೇ ಅಂಟಿಕೊಂಡಿರಬೇಕು, ಉಳಿದದ್ದನ್ನು ಕೈಗೆ ಹೊಲಿಯಬೇಕು. ಕೈಯ ರಕ್ತ ಅದಕ್ಕೆ ಹರಿಯುವವರೆಗೆ, ಅಂದರೆ ಮೂರು ವಾರ, ಕೈ ಅಲ್ಲಾಡುವಂತಿಲ್ಲ. ದವಾಖಾನೆಯಲ್ಲಿ ಹಾಸಿಗೆ ಖಾಲಿ ಮಾಡಿಸಿದ ಮೇಲೆ ಕಲಬುರ್ಗಿಯಲ್ಲೇ ಶಹಾಬಜಾರದ ಸಂಬಂಧಿಕರ ಮನೆಯಲ್ಲಿ ಉಳಿದೆವು. ಕೈಮೇಲೆ ಸೆರಗು ಹೊದ್ದು ಕಟ್ಟೆಗೆ ಕೂತರೆ ಓಣಿಯ ಹೆಂಗಸರು, "ಎಷ್ಟು ತಿಂಗಳಾದ್ವ್ರಿ?" ಅಂತ ಕೇಳುವರು. ಮದುವೆಯಾಗಿ ಎಂಟು ವರ್ಷವಾದರೂ ಮಡಿಲು ಬರಿದಾಗಿದ್ದವಳಿಗೆ ಈ ಪ್ರಶ್ನೆ. ಸೆರಗು ಸರಿಸಿ ತೋರಿಸಿದರೆ ಹೌಹಾರುವರು, ಮರುದಿನ ಇನ್ನಿಬ್ಬರನ್ನು ನೋಡಲಿಕ್ಕೆ ಕರೆತರುವರು.

ಅತ್ತೆಯದು ಇನ್ನೊಂದು ಕಥೆ. ಕಮಲಾಪುರದಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತನಕ್ಕೆ ಅವರನ್ನೇ ಕರೆಯುತ್ತಿದ್ದರು. ಸ್ವಂತ ಸೊಸೆಯದು ಮಾಡುವ ಯೋಗ ಮಾತ್ರ ಬಂದಿರಲಿಲ್ಲ. ಒಂದು ದಿನ ಡಬ್ಬಿ ತುಂಬ ಅಂಟಿನುಂಡಿ ಮಾಡಿ ತಂದರು, ಬಾಣಂತಿಯರು ತಿನ್ನುವುದು.

"ನಾನೇನ್ ಹಡದೀನೇನ್ರಿ ಅತ್ತಿ?" ಅಂದೆ.

"ಹೊಟ್ಟಿ ಕೊಯ್ದಾರಲ್ಲ, ನಡಾ ಗಟ್ಟಿ ಆಗಬೇಕು. ಬಾಯಿ ತಗಿ."

ಬಲಗೈ ಕಟ್ಟಿಹಾಕಿತ್ತು, ಜಗಳಕ್ಕೂ ಅನುಕೂಲವಿರಲಿಲ್ಲ. ಬಾಯಿ ತೆಗೆದೆ.

ಮೂರು ವಾರದ ನಂತರ ಕೈ ಬಿಡಿಸಿದರು. ಮುಂಗೈ ಮೇಲೆ ಹೊಟ್ಟೆಯ ಚರ್ಮ ದಪ್ಪಗೆ ಕೂತಿತ್ತು. "ಥಂಡಿ ತಾಗಿಸಬ್ಯಾಡ್ರಿ, ಬೆಚ್ಚಗಿಡ್ರಿ" ಅಂದರು ಡಾಕ್ಟರು. ಅತ್ತೆ ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಊರಿಗೆ ಬಂದರು. ಚಳಿಗಾಲ ಬೇರೆ. ದಿನಾ ಮುಂಜಾನೆ ಹೊರಸಿನ ಪಕ್ಕ ಕೆಂಡದ ಶೆಗಡಿ ಇಟ್ಟು, ಅರಿವೆ ಗಂಟು ಬಿಸಿ ಮಾಡಿ, ಬೆನ್ನು, ನಡ, ಕಡೆಗೆ ಕೈ ಕಾಸುವರು. ಬಾಣಂತಿಗೆ ಕಾಸುವ ಕ್ರಮವೇ ಹಾಗೆ. ಬಿಸಿ ಹತ್ತಿತೇ ಎಂದು ಕೇಳುವುದು, ಅವಳು ಸಾಕು ಅನ್ನುವವರೆಗೆ ಏರಿಸುತ್ತ ಹೋಗುವುದು. ಬೆನ್ನಿಗೆ ನಾನು ಬೇಗ ಸಾಕು ಅನ್ನುತ್ತಿದ್ದೆ. ಒಂದು ಮುಂಜಾನೆ ಕೈಯ ಸರದಿ ಬಂದಾಗ ಕೇಳಿದರು,

"ಕೈಗೆ ಹತ್ತೇದೇನು?"

"ಇಲ್ರಿ."

"ಈಗ?"

"ಏನೂ ಇಲ್ರಿ."

ಅತ್ತೆ ಗಂಟನ್ನು ಇನ್ನೂ ಕಾಸಿದರು. ನಾನು ಸುಖವಾಗಿ ಕಣ್ಣು ಮುಚ್ಚಿ ಮಲಗಿದ್ದೆ.

ಸಂಜೆಗೆ ಬೊಬ್ಬೆ ಎದ್ದವು. ಮರುದಿನ ಅಂಚು ಕಪ್ಪಾಯಿತು. ಕಲಬುರ್ಗಿಗೆ ಓಡಿದೆವು. "ಬೆಚ್ಚಗಿಡ್ರಿ ಅಂದಿದ್ದೆ, ಬೇಯಿಸ್ರಿ ಅಂದಿದ್ದಿಲ್ಲ" ಎಂದು ಡಾಕ್ಟರು ಕೂಗಾಡಿದರು. ಚರ್ಮ ಎತ್ತುವಾಗ ನರ ಕಡಿದಿರುತ್ತದೆ, ಅದಕ್ಕೆ ಬಿಸಿ ತಂಪು ಏನೂ ತಿಳಿಯುವುದಿಲ್ಲ ಎಂದು ಆಗ ಹೇಳಿದರು. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ನೀವು ಕೇಳಲಿಲ್ಲ ಅಂದರು. ಇಂಥ ಓದಿದವರಿಗೆ ಏನನ್ನಬೇಕು? ಕಪ್ಪು ಆ ಚರ್ಮದ ಮಧ್ಯದವರೆಗೆ ಹರಡಿದರೆ ಕೈ ತೆಗೆಯುವುದು, ಅಂಚಿನಲ್ಲೇ ನಿಂತರೆ ಉಳಿಸುವುದು. ಕಾಯಬೇಕು.

ಅತ್ತೆ ಊಟ ಬಿಟ್ಟರು. ಕೈ ಹೋಗುತ್ತದೋ ಎಂಬ ಹೆದರಿಕೆಯಲ್ಲಿ ನನಗೇ ನೀರು ಇಳಿಯುತ್ತಿರಲಿಲ್ಲ, ಅದರ ಮೇಲೆ ಇವರಿಗೆ ನಾನು ಎಡಗೈಲಿ ತುತ್ತು ಮಾಡಿ ತಿನ್ನಿಸಬೇಕಾಯಿತು. ಅಳುತ್ತ ನುಂಗುವರು. "ನನಗ ಬರೋದು ಅದೊಂದ ಕೆಲಸ" ಅನ್ನುವರು. ಬೈಯಲೂ ಆಗಲಿಲ್ಲ, ಸಮಾಧಾನ ಮಾಡಲೂ ಮನಸ್ಸಾಗಲಿಲ್ಲ.

ಕಪ್ಪು ಅಂಚಿನಲ್ಲೇ ನಿಂತಿತು. ಸತ್ತದ್ದನ್ನು ಕತ್ತರಿಸಿ ತೆಗೆದರು, ಉಳಿದದ್ದು ಸುಕ್ಕುಗಟ್ಟಿ ಮಾಯಿತು. ಕೈ ಉಳಿಯಿತು.

ಅಲ್ಲಿಂದ ಮುಂದೆ ಅತ್ತೆ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ರೊಟ್ಟಿ ತಾವೇ ಬಡಿದರು. "ಅದಕ್ಕೇನು ತಿಳೀತದ, ಕೂಸು" ಎಂದು ಆ ಚರ್ಮದ ಮೇಲೆ ಎಣ್ಣೆ ಸವರುವರು. ಮನೆಗೆ ಬಂದವರೆದುರೂ ಹಾಗೇ ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೇರೆ ಕೂಸು ನನಗೆ ಆಗಲೇ ಇಲ್ಲ.

ಹೈದರಾಬಾದ್ ರಾಜ್ಯ ಇನ್ನೂ ಒಡೆದಿರಲಿಲ್ಲ, ಅತ್ತೆ ಹಾಸಿಗೆ ಹಿಡಿದರು. ಕೊನೆಯ ಮಧ್ಯಾಹ್ನ ನನ್ನ ಕೈ ಹಿಡಿದು ಮಲಗಿದ್ದರು. ಹಿಡಿದದ್ದು ಆ ಹೊಟ್ಟೆಯ ಚರ್ಮದ ಜಾಗವನ್ನೇ. ಬೆರಳು ಹಿಡಿಯಬಹುದಿತ್ತು, ಎಡಗೈ ಇತ್ತು. ಸರಿಸಿ ಅಂಗೈ ಕೊಟ್ಟರೂ ಮತ್ತೆ ಅಲ್ಲಿಗೇ ಬಂದರು, ಆ ಹಟಮಾರಿ ಮುದುಕಿ. ನಾನು ಬಾಗಿಲ ಕಡೆ ನೋಡುತ್ತ, ನಿಮ್ಮ ಮಗ ಈಗ ಬರುತ್ತಾರೆ, ಸ್ವಲ್ಪ ತಡೀರಿ ಎಂದು ಮಾತಾಡುತ್ತಲೇ ಇದ್ದೆ. ತಿರುಗಿ ನೋಡಿದಾಗ ಅವರ ಕೈ ಕೌದಿಯ ಮೇಲಿತ್ತು. ಯಾವಾಗ ಬಿಟ್ಟರೋ, ನನಗೆ ತಿಳಿಯಲೇ ಇಲ್ಲ.