ತುಂಬಿ ಹೋದ ಡಬ್ಬಿ

ಎರಡು ವಿಮಾನ ಕಂಪನಿಗಳು ಒಂದಾಗಿ, ಅಗ್ಗದ ವಿಮಾನಗಳು ಯುರೋಪಿನವರೆಗೂ ಹಾರತೊಡಗಿದ ವರ್ಷವದು. ಜರ್ಮನಿಯಲ್ಲಿ ನರ್ಸ್ ಆಗಿರುವ ತಂಗಿಯ ಹೆರಿಗೆಗೆಂದು ಬೇಸಿಗೆ ರಜೆಯಲ್ಲಿ ಅವ್ವನನ್ನು ಕರೆದುಕೊಂಡು ಹೊರಟಿದ್ದೆ. ಮಾನ್ವಿ ತಾಲೂಕಿನ ಮಲ್ಲಟದಲ್ಲಿ ಕೂಲಿಗೆ ಹತ್ತಿ ಬಿಡಿಸಿ ನಮ್ಮನ್ನು ಓದಿಸಿದವಳು ಅವ್ವ. ಅಷ್ಟು ದೂರದ ಟಿಕೆಟ್ ರಾಯಚೂರಿನ ನನ್ನಂಥ ಮೇಷ್ಟ್ರೊಬ್ಬನ ಕೈಗೆಟುಕಿದ್ದೇ ಆಗ.

ಹೊರಡುವ ದಿನ ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಪುಡಿಯ ಬುತ್ತಿ ಕಟ್ಟಿದ್ದಳು. ನಾನೇ ಬಿಚ್ಚಿಸಿದೆ. "ಯವ್ವಾ, ವಿಮಾನದಾಗ ಬಿಸಿ ಊಟ ಕೊಡ್ತಾರ. ಇದನ್ಯಾಕ ಹೊರ್ತಿ?" ಹಿಂದೊಮ್ಮೆ, ಕಂಪನಿಗಳು ಒಂದಾಗುವ ಮೊದಲು, ಹಳೆಯ ಕಂಪನಿಯ ವಿಮಾನದಲ್ಲಿ ಊಟ ಕೊಟ್ಟಿದ್ದರೆಂಬ ನೆನಪು ನನಗೆ. ಯಾರು ಏನು ಹೇಳಿದರೂ ಪುರಾವೆ ಕೇಳುವ ನಾನು ಟಿಕೆಟನ್ನು ಮಾತ್ರ ಪೂರ್ತಿ ಓದಿರಲಿಲ್ಲ.

ಊಟದ ಗಾಡಿ ಬರುವುದನ್ನು ಕಂಡು ಅವ್ವ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡಳು. ಚುಚ್ಚಿಕೊಂಡ ಮೇಲೆ ಉಣ್ಣಲೇಬೇಕು. ಗಾಡಿ ನಮ್ಮನ್ನು ದಾಟಿ ಹೋಯಿತು. ಮೊದಲೇ ಹೇಳಿಟ್ಟವರಿಗೆ ಮಾತ್ರ ಊಟವಂತೆ. ಮಾರಲು ಇಟ್ಟದ್ದೂ ಮುಗಿದಿತ್ತು. ಸ್ವಲ್ಪ ಹೊತ್ತಿಗೆ ಅವ್ವನ ಕೈ ನಡುಗಿತು, ಹಣೆ ಬೆವೆತಿತು. "ಕಣ್ಣಿಗೆ ಕತ್ತಲಿ ಬರಾಕತ್ತದ ಲೇ" ಎಂದಳು.

ನಾನು ಕೂಗಿಕೊಂಡೆ. ಓಡಿ ಬಂದ ಗಗನಸಖಿ ಮೊದಲು ಹಣ್ಣಿನ ರಸ ಕುಡಿಸಿದಳು. ಆಮೇಲೆ ತನ್ನದೇ ಸ್ಟೀಲ್ ಡಬ್ಬಿ ತಂದು, ಸೀಟುಗಳ ನಡುವೆ ಮಂಡಿಯೂರಿ ಅವ್ವನಿಗೆ ತಿನ್ನಿಸತೊಡಗಿದಳು. "ಉಣ್ಣು ಯವ್ವಾ, ಇನ್ನೊಂದು ತುತ್ತು" ಅಂದಂತೆ ನನ್ನ ನೆನಪು. ಅವಳಾಡಿದ್ದು ತೆಲುಗು ಅನ್ನುತ್ತಾಳೆ ಅವ್ವ. ನಾನು ಮೊಸರನ್ನ ಎಂದರೆ ಅವ್ವ ಚಿತ್ರಾನ್ನ ಅನ್ನುತ್ತಾಳೆ. ಆದರೆ ಡಬ್ಬಿ ಖಾಲಿಯಾಗುವವರೆಗೆ ಆ ಹುಡುಗಿ ಏಳಲಿಲ್ಲ ಎಂಬುದರಲ್ಲಿ ನಮಗೆ ಜಗಳವಿಲ್ಲ. ತನ್ನದು ಊಟವಾಗಿದೆ ಎಂದಳು. ಮುಚ್ಚಳ ತೆಗೆದಾಗ ಡಬ್ಬಿ ತುಂಬಿತ್ತು, ಹೇಗೆ ನಂಬುವುದು?

ಡಬ್ಬಿಗೆ ಅವಳು ಕೈ ಚಾಚಿದರೆ ಅವ್ವ ಸೆರಗಿನಲ್ಲಿ ಮುಚ್ಚಿಕೊಂಡಳು. "ನಮ್ಮಲ್ಲಿ ಬರೀ ಡಬ್ಬಿ ಕೊಡಂಗಿಲ್ಲ ಯವ್ವಾ. ತುಂಬಿ ಕೊಡ್ತೀನಿ."

ಹುಡುಗಿ ನಕ್ಕು ಒಪ್ಪಿದಳು. ನನಗೆ ನಾಚಿಕೆ. "ಎಲ್ಲಿ ಸಿಗ್ತಾಳಬೇ ಈಕಿ?"

"ಇದ ವಿಮಾನಕ್ಕ ಹೊಳ್ಳಿ ಬರ್ತೀವಲ್ಲ!"

ತಿಂಗಳ ನಂತರ ಮರಳುವಾಗ ಆ ಹುಡುಗಿ ಇರಲಿಲ್ಲ. ಹೆಸರೂ ಕೇಳಿರಲಿಲ್ಲ. ತಂಗಿಯ ಮನೆಯಲ್ಲಿ ಕಟ್ಟಿದ ಶೇಂಗಾ ಉಂಡಿ ತುಂಬಿದ್ದ ಡಬ್ಬಿಯನ್ನು ಅವ್ವ ಇನ್ನೊಬ್ಬ ಗಗನಸಖಿಯ ಕೈಗಿಟ್ಟು ನಡೆದದ್ದೆಲ್ಲ ಹೇಳಿದಳು. ನಾನು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಹುಡುಕಿ ಮುಟ್ಟಿಸುತ್ತೇನೆ ಎಂದಳು ಆಕೆ.

ರಾಯಚೂರಿನ ರೈಲಿನಲ್ಲಿ ನಾನು ಸುಮ್ಮನಿರಲಾರದೆ, "ಮುಟ್ಟತದೋ ಇಲ್ಲೋ ಯಾರಿಗ್ಗೊತ್ತು?" ಎಂದೆ.

"ಮುಟ್ಟತದ. ನೀ ಊಟ ಕೊಡ್ತಾರ ಅಂದಾಗ ನಾ ಏನರ ಪುರಾವಿ ಕೇಳಿದ್ನೇನು?"

ಆ ಡಬ್ಬಿ ಉಳಿದಿದ್ದರೆ ನನ್ನ ನೆನಪಿಗೊಂದು ಸಾಕ್ಷಿ ಇರುತ್ತಿತ್ತು. ಈಗ ಅದೂ ಇಲ್ಲ. ಹತ್ತಿರದ ದೇವದುರ್ಗದ ಬಸ್ಸು ಹತ್ತುವಾಗಲೂ ಈಗ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಸಿಕೊಳ್ಳುತ್ತೇನೆ. ಪಕ್ಕದಲ್ಲಿ ಯಾರು ಕೂರುತ್ತಾರೋ.