ಸರ್ವೆ ಕಲ್ಲಿನ ಮೇಲೆ ರುಜು

ಹೊಳೆಬಾಗಿಲಿನ ಕನ್ನಪ್ಪ ಕೂತು ಊಟ ಮಾಡಿದ್ದನ್ನು ಊರಿನವರು ನೋಡಿ ಏಳು ವರ್ಷವಾಗಿತ್ತು. ತಟ್ಟೆ ಹಿಡಿದುಕೊಂಡೇ ಅಂಗಳಕ್ಕಿಳಿಯುತ್ತಿದ್ದ. ಎರಡು ತುತ್ತಿಗೊಮ್ಮೆ ಹಿನ್ನೀರಿನ ದಂಡೆಗೆ ಹೋಗಿ, ಅಲ್ಲಿನ ಸರ್ವೆ ಕಲ್ಲಿನವರೆಗೆ ನೀರು ಬಂದಿದೆಯೇ ಎಂದು ನೋಡಿ ವಾಪಸು ಬರುತ್ತಿದ್ದ.

ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಅವನಿಗೆ ಹದಿನೈದು ವರ್ಷ. ನಮ್ಮ ಮನೆಯವರೆಗೆ ಬರುವುದಿಲ್ಲ ಎಂದು ಅವನ ಅಪ್ಪ ಹೇಳಿದ್ದರು. ಬಂತು. ಮನೆ ಮುಳುಗಿದ ಮೇಲೂ ಕನ್ನಪ್ಪ ಚೆನ್ನಾಗಿಯೇ ಇದ್ದ. ಲಾಂಚಿನ ಕೆಲಸಕ್ಕೆ ಸೇರಿದ. ಲಾಂಚು ದಡ ಮುಟ್ಟುವ ಮೊದಲೇ ಗೂಟಕ್ಕೆ ಗುರಿಯಿಟ್ಟು ಹಗ್ಗ ಎಸೆಯುವುದರಲ್ಲಿ ಅವನಷ್ಟು ಚುರುಕು ಬೇರೆ ಯಾರೂ ಇರಲಿಲ್ಲ. ಎಪ್ಪತ್ತೇಳರ ಮಳೆಗಾಲದಲ್ಲಿ, ನೀರು ಏರುತ್ತಿದೆ ಎಂದು ಯಾರೋ ಅವನ ಕಿವಿಯಲ್ಲಿ ಹೇಳತೊಡಗಿದರಂತೆ. ಒಂದು ದಿನ ಲಾಂಚು ಹೊರಡಲು ಬಿಡದೆ ಹಗ್ಗ ಹಿಡಿದು ನಿಂತುಬಿಟ್ಟ. ಕೆಲಸ ಹೋಯಿತು.

ಅಕ್ಕ ಹಾಲಮ್ಮ ಅವನನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಿದಳು. ಮಾತ್ರೆ ನುಂಗಿದ ತಿಂಗಳು ಕಿವಿಯ ಮಾತು ತಗ್ಗುತ್ತಿತ್ತು. ಮಾತ್ರೆ ಮುಗಿದರೆ ಕನ್ನಪ್ಪ ನೀರಿಗೇ ಇಳಿಯುತ್ತಿದ್ದ. ಎರಡು ಸಲ ಎಳೆದು ತಂದಿದ್ದರು. ಹಾಲಮ್ಮನದು ಜಲ್ಲಿ ಒಡೆಯುವ ಕೂಲಿ. ಅದರಲ್ಲಿ ಪ್ರತಿ ತಿಂಗಳೂ ಮಾತ್ರೆ ತರಲಾಗುತ್ತಿರಲಿಲ್ಲ. ಅದಕ್ಕೇ ಎಂಬತ್ತನಾಲ್ಕರಲ್ಲಿ ಡಾಕ್ಟರ ಸರ್ಟಿಫಿಕೇಟು ಹಿಡಿದು, ಅಂಗವಿಕಲರ ಮಾಸಾಶನಕ್ಕೆ ಸಾಗರದ ತಾಲ್ಲೂಕು ಕಚೇರಿಯಲ್ಲಿ ಅವನ ಹೆಸರಲ್ಲಿ ಅರ್ಜಿ ಹಾಕಿದಳು.

ಅರ್ಜಿಯಲ್ಲಿ ‘ಊನವಾದ ಅಂಗ’ ಎಂಬ ಕಾಲಂ ಇತ್ತು. ಏನು ಬರೆಸಬೇಕೆಂದು ಅವಳಿಗೆ ತಿಳಿಯಲಿಲ್ಲ. ಕಾಲು ಎಂದು ಬರೆಸು, ಒಂದು ಕಡೆ ನಿಲ್ಲುವುದಿಲ್ಲವಲ್ಲ ಎಂದು ಗುಮಾಸ್ತ ನಕ್ಕ. ಅವಳು ನಗಲಿಲ್ಲ. ಕಾಲಂ ಖಾಲಿ ಬಿಟ್ಟು ಬಂದಳು. ಊರಿಗೆ ಬಂದು ನೆರೆಯವರ ಹೇಳಿಕೆ ಬರೆದುಕೊಂಡ ಮೇಲೆ ತೀರ್ಮಾನ ಎಂದಿದ್ದರು.

ವಿಚಾರಣೆಗೆ ಬಂದವರು ವಿಲೇಜ್ ಅಕೌಂಟೆಂಟ್ ಗಣೇಶಮೂರ್ತಿ. ಊರವರ ಬಾಯಲ್ಲಿ ಇನ್ನೂ ಶಾನುಭೋಗರೇ. ಅರ್ಜಿಯನ್ನೂ ಮಹಜರಿನ ಹಾಳೆಯನ್ನೂ ಜಗಲಿಯ ಮೇಲೆ ಹರಡಿಕೊಂಡು ಕೂತರು. ಪಕ್ಕದ ಮನೆಯ ಮಂಜುನಾಥಪ್ಪ, ಎದುರು ಮನೆಯ ಮೀನಾಕ್ಷಮ್ಮ ಬಂದರು.

ಏಳು ವರ್ಷದಿಂದ ಆ ಇಬ್ಬರೂ ಹಾಲಮ್ಮನ ಮನೆಯ ಮರ್ಯಾದೆ ಕಾಯ್ದವರು. ಹೊರಗಿನವರು ಕೇಳಿದರೆ, ಕನ್ನಪ್ಪನಿಗೆ ಸ್ವಲ್ಪ ಪಿತ್ತ, ಗಾಳಿಗೆ ಓಡಾಡುತ್ತಾನೆ ಎನ್ನುತ್ತಿದ್ದರು. ಅವತ್ತೂ ಬಾಯಿಗೆ ಅದೇ ಬಂತು. ಒಳ್ಳೆಯ ಮನುಷ್ಯ, ಯಾರ ತಂಟೆಗೂ ಹೋದವನಲ್ಲ, ತಲೆ ಸರಿಯಾಗಿದೆ ಎಂದರು ಮಂಜುನಾಥಪ್ಪ. ಮೀನಾಕ್ಷಮ್ಮ ಪಿತ್ತ ಎಂದರು. ಗಣೇಶಮೂರ್ತಿ ಹಾಗೆಯೇ ಬರೆದುಕೊಂಡರು. ಹಾಲಮ್ಮ ಕಂಬ ಹಿಡಿದು ನಿಂತಿದ್ದಳು. ತಮ್ಮನಿಗೆ ತಲೆಯ ಕಾಯಿಲೆ ಎಂಬ ಮಾತನ್ನು ನೆರೆಯವರ ಮುಂದೆ ಅವಳೂ ಒಂದು ದಿನವೂ ಆಡಿರಲಿಲ್ಲ.

ಅಂಗಳದಲ್ಲಿ ಸುತ್ತುತ್ತಿದ್ದ ಕನ್ನಪ್ಪ ನಿಂತ.

“ನಂಗೆ ಕಾಯ್ಲೆ ಐತೆ ಶಾನುಭೋಗರೇ. ತಲೇದು. ಇವ್ರು ನಾಚ್ಕೆಗೆ ಹೇಳ್ತಿಲ್ಲ.”

“ನಾಚ್ಕೆಗಲ್ಲ ಮಾರಾಯ, ನಿನ್ ಮೇಲಿನ ಪ್ರೀತಿಗೆ,” ಎಂದರು ಮಂಜುನಾಥಪ್ಪ.

“ಪ್ರೀತಿಗೆ ಮಾತ್ರೆ ಕೊಡಲ್ಲ ಮಂಜಣ್ಣ,” ಎಂದಳು ಹಾಲಮ್ಮ.

ಮಂಜುನಾಥಪ್ಪ ಗಣೇಶಮೂರ್ತಿಯ ಕಡೆ ತಿರುಗಿದರು. ತಾವು ಹೇಳಿದ್ದನ್ನು ಹೊಡೆದುಹಾಕಿ ಎಂದರು. ಹೊಡೆದುಹಾಕಿದರೆ ಸಾಗರದಲ್ಲಿ ಅನುಮಾನ ಪಡುತ್ತಾರೆ, ಕೆಳಗೆ ಸೇರಿಸುತ್ತೇನೆ ಎಂದರು ಗಣೇಶಮೂರ್ತಿ. ಕನ್ನಪ್ಪ ನೀರಿಗಿಳಿದ ಎರಡು ಸಲದ್ದನ್ನೂ ಮಂಜುನಾಥಪ್ಪ ತಿಥಿ ವಾರ ಸಮೇತ ಬರೆಸಿದರು. ಎಳೆದು ತಂದವರು ಅವರೇ.

ಕೊನೆಗೆ ಅರ್ಜಿದಾರನ ರುಜು ಬೇಕಿತ್ತು. ನೋಡಿದರೆ ಅಂಗಳದಲ್ಲಿ ಕನ್ನಪ್ಪ ಇರಲಿಲ್ಲ. ಗಣೇಶಮೂರ್ತಿ ಹಾಳೆ, ಪೆನ್ನು ಹಿಡಿದು ದಂಡೆಗೇ ಹೋದರು. ಕನ್ನಪ್ಪ ಸರ್ವೆ ಕಲ್ಲಿನ ಮೇಲೆ ಹಾಳೆಯಿಟ್ಟು, ಒಂದೊಂದೇ ಅಕ್ಷರ ತಿದ್ದಿದಂತೆ ಹೆಸರು ಬರೆದ.

“ನೀರು ಏರೈತಾ, ನೀವೇ ನೋಡಿ.”

ಗಣೇಶಮೂರ್ತಿ ಬಗ್ಗಿ ನೋಡಿದರು. ಕಲ್ಲಿನಿಂದ ಎರಡು ಮೊಳ ಕೆಳಗಿತ್ತು. ಇಲ್ಲ ಎಂದರು.

“ಅದ್ನೂ ಬರ್ಕಳಿ. ಆಮೇಲೆ ಹಂಗಂದಿಲ್ಲ ಅನ್ನಬಾರ್ದು.”

ಅವರು ಅದನ್ನೂ ಬರೆದರು. ಅರ್ಜಿಯ ಖಾಲಿ ಕಾಲಮ್ಮಿನಲ್ಲಿ ‘ಮನಸ್ಸು’ ಎಂದೂ ಬರೆದರು.

ಮಂಜೂರಾತಿ ಬರಲು ಐದು ತಿಂಗಳು ಹಿಡಿಯಿತು. ಮೊದಲ ಮನಿಯಾರ್ಡರಿಗೂ ಕನ್ನಪ್ಪ ರುಜು ಹಾಕಿದ್ದು ಆ ಕಲ್ಲಿನ ಮೇಲೆಯೇ. ಪೋಸ್ಟ್‌ಮ್ಯಾನ್ ಅಲ್ಲಿಗೇ ನಡೆದು ಹೋಗಬೇಕಾಯಿತು.